ಒಂದು ವರ್ಷ ಆಂಬುಲೆನ್ಸ್ ನಿಲ್ಲಿಸಿದರೆ ದೇವರಿಗೆ ಉತ್ತರ ಕೊಡಬೇಕಾದೀತಾ?

ಬೇಳದ ಡ್ರೈವರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಕ್ರೈಸ್ತರೂ ಇದ್ದೀರಿ, ಅಲ್ಲದವರೂ ಇದ್ದೀರಿ. ಯಾರು ಹೇಳಿದರೂ ಕೇಳಿಸಿಕೊಳ್ಳುತ್ತೇನೆ. ನಾನು ಕನ್ನಡ ಮೀಡಿಯಂನಲ್ಲಿ ಹತ್ತನೇ ತನಕ ಓದಿದವ, ಬರೆಯುವ ಅಭ್ಯಾಸ ಕಡಿಮೆ. ಉದ್ದ ಆದರೆ ಬೈಯಬೇಡಿ.

ನನಗೆ ನಲವತ್ತಾರು. ಹದಿನೇಳು ವರ್ಷದಿಂದ ಆಂಬುಲೆನ್ಸ್ ಓಡಿಸುತ್ತಾ ಇದ್ದೇನೆ. ಮೊದಲು ಬೇರೆಯವರ ಗಾಡಿ, ಆಮೇಲೆ ಸಾಲ ಮಾಡಿ ಸ್ವಂತದ್ದು. ಸಾಲ ಈ ಮಾರ್ಚಿಗೆ ಮುಗಿಯಿತು. ಹೊರಗಿನವರಿಗೆ ಒಂದು ಮಾತು: ಕಾಸರಗೋಡಿನ ಈ ಬಡಗು ತುದಿಯವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರು. ರಾಜ್ಯ ಬೇರೆ ಆದರೂ ಆಸ್ಪತ್ರೆ ಅಲ್ಲಿಯೇ. ಸೀತಾಂಗೋಳಿ, ಕುಂಬಳೆ, ಉಪ್ಪಳ, ಹೊಸಂಗಡಿ, ತಲಪಾಡಿ, ತೊಕ್ಕೊಟ್ಟು, ನೇತ್ರಾವತಿ ಸೇತುವೆ, ಪಂಪ್‌ವೆಲ್. ಈ ದಾರಿಯನ್ನು ಕಣ್ಣು ಮುಚ್ಚಿ ಓಡಿಸಬಲ್ಲೆ ಅಂತ ಜಂಭ ಕೊಚ್ಚುತ್ತಿದ್ದೆ. ಒಂದು ರಾತ್ರಿ ಹಾಗೆಯೇ ಓಡಿಸಿದೆ.

ಆಗ ಹೆದ್ದಾರಿಯ ಆರು ಪಥದ ಕೆಲಸ ನಡೆಯುತ್ತಾ ಇತ್ತು. ಮಳೆಗಾಲ, ಬೆಳಗಿನ ಜಾವ ಮೂರು ಗಂಟೆ ಇರಬೇಕು. ಒಬ್ಬ ಅಜ್ಜನನ್ನು ಬಿಟ್ಟು ಖಾಲಿ ಗಾಡಿಯಲ್ಲಿ ವಾಪಸ್ ಬರುತ್ತಿದ್ದೆ. ತಲಪಾಡಿ ದಾಟಿದ್ದು ನೆನಪುಂಟು. ಆಮೇಲೆ ನೆನಪಿರುವುದು ಒಂದು ಸದ್ದು, ಡಾಮರಿನ ಮೇಲೆ ಪ್ಲಾಸ್ಟಿಕ್ ಎಳೆದ ಹಾಗೆ ಕರ್ರ್ ಅಂತ. ಕಣ್ಣು ಬಿಟ್ಟರೆ, ರಸ್ತೆಗೆ ಅಡ್ಡ ಇಡುತ್ತಾರಲ್ಲ ಕೆಂಪು ಬಿಳಿ ಡಬ್ಬ, ಅದರಲ್ಲಿ ಒಂದನ್ನು ಬಂಪರಿನಲ್ಲಿ ಸಿಕ್ಕಿಸಿಕೊಂಡು ತಳ್ಳುತ್ತಾ ಹೋಗುತ್ತಾ ಇದ್ದೇನೆ. ಎಡಗಡೆ ಎರಡು ಮೊಳ ಆಚೆ ಅಗೆದ ಹೊಂಡ. ಇಳಿದೆ. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ, ಅದು ಬ್ರೇಕ್ ಹತ್ತಿರ ಬಿದ್ದಿತ್ತು. ಹಿಂದಿನ ಬಾಗಿಲು ತೆಗೆದು ಸ್ಟ್ರೆಚರ್ ನೋಡಿದೆ. ಖಾಲಿ ಅಂತ ನನಗೆ ಗೊತ್ತು, ಆದರೂ ನೋಡಿದೆ. ಅಜ್ಜನ ತಲೆಯ ಗುರುತು ದಿಂಬಿನಲ್ಲಿ ಹಾಗೇ ಇತ್ತು. ಮಳೆಯಲ್ಲಿ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ.

ಮನೆಯಲ್ಲಿ ನಾಯಿ ಅಡ್ಡ ಬಂತು ಅಂದೆ.

ಇನ್ನೊಂದು ಇದಕ್ಕಿಂತ ಕಷ್ಟದ್ದು. ಗಾಡಿ ಹೊರಡುವಾಗ ಶಿಲುಬೆಯ ಗುರುತು ಮಾಡಿ "ದೇವರೇ, ಮುಟ್ಟುವ ತನಕ ಜೀವ ಇರಲಿ" ಅಂತ ಬೇಡಿಕೊಳ್ಳುವುದು ಮೊದಲಿಂದ ನನ್ನ ಅಭ್ಯಾಸ. ಆಗಸ್ಟಿನಲ್ಲಿ ಒಂದು ದಿನ ಹಿಂದೆ ಒಬ್ಬ ತಾಯಿ ಮಗನ ತಲೆ ಹಿಡಿದುಕೊಂಡು ಬೊಬ್ಬೆ ಹೊಡೆಯುತ್ತಿದ್ದಳು, ನಾನು ಅದೇ ಪ್ರಾರ್ಥನೆ ಹೇಳುತ್ತಿದ್ದೆ. ಆಗ ಗೊತ್ತಾಯಿತು, ನಾನು ಬೇಡುತ್ತಿದ್ದದ್ದು ಆ ಹುಡುಗನಿಗೋಸ್ಕರ ಅಲ್ಲ. ದಾರಿಯಲ್ಲಿ ಜೀವ ಹೋದರೆ ಗಡಿಯ ಆಚೆ ಈಚೆ ಕಾಗದಪತ್ರದ ರಗಳೆ, ನನ್ನ ಇಡೀ ದಿನ ಹೋಗುತ್ತದೆ, ಅದಕ್ಕೋಸ್ಕರ. ಹುಡುಗ ಬದುಕಿದ. ಆದರೆ ಆ ಪ್ರಾರ್ಥನೆ ಈಗ ಬಾಯಿಗೆ ಬರುತ್ತಿಲ್ಲ.

ಬೊಡಿದಿದೆ. ನಮ್ಮ ಕಡೆಯ ಈ ಮಾತಿಗೆ ಪುಸ್ತಕದ ಕನ್ನಡದಲ್ಲಿ ಎಂತ ಹೇಳುತ್ತಾರೋ ಗೊತ್ತಿಲ್ಲ. ದಣಿವು ಅಂದರೆ ಮಲಗಿ ಎದ್ದರೆ ಹೋಗುತ್ತದೆ. ಇದು ಹೋಗುವುದಿಲ್ಲ.

ಒಂದು ವರ್ಷ ನಿಲ್ಲಿಸಬೇಕು ಅಂತ ಉಂಟು. ಹೆಂಡತಿ ಅಂಗನವಾಡಿಯಲ್ಲಿ ಸಹಾಯಕಿ. ಅಪ್ಪ ಬಿಟ್ಟು ಹೋದ ನೂರ ಚಿಲ್ಲರೆ ಅಡಿಕೆ ಮರ, ಮರಕ್ಕೆ ಹಬ್ಬಿಸಿದ ಒಳ್ಳೆಮೆಣಸು, ಕರಿಮೆಣಸು ಅನ್ನುತ್ತಾರಲ್ಲ ಅದು. ಗಂಜಿಗೆ ತೊಂದರೆ ಇಲ್ಲ, ಮಗಳ ಫೀಸಿಗೆ ಸ್ವಲ್ಪ ಎಳೆದಾಡಬೇಕಾದೀತು. ಆದರೆ ಈ ಮಾತು ಎತ್ತಿದ ಕೂಡಲೇ ನಮ್ಮ ಇಗರ್ಜಿಯ (ಚರ್ಚಿನ) ವಾರ್ಡಿನ ಮುಖಂಡರು, ಗುರಿಕಾರರು, ಹೇಳಿದರು: "ನಿನ್ನದು ಕೆಲಸ ಅಲ್ಲ ಮಾರಾಯ, ಸೇವೆ. ದೇವರು ಕೊಟ್ಟ ತಲಾಂತನ್ನು ಹೂತಿಡುವುದಾ?" ಯೇಸು ಹೇಳಿದ ಕಥೆ ಅದು, ಯಜಮಾನ ನಂಬಿ ಕೊಟ್ಟ ತಲಾಂತನ್ನು ಒಬ್ಬ ಆಳು ಬಳಸದೆ ಮಣ್ಣಿನಲ್ಲಿ ಹೂತಿಟ್ಟದ್ದು. ಇಗರ್ಜಿಯಲ್ಲಿ ಪೂಜೆ ಮುಗಿದು ಹೊರಗೆ ಬಂದಾಗ ಇನ್ನಿಬ್ಬರು ಅದನ್ನೇ ಹೇಳಿದರು. ಪಾದ್ರಿಯವರಲ್ಲಿ ನಾನಿನ್ನೂ ಕೇಳಿಲ್ಲ. ಅವರು ನಿಲ್ಲಿಸು ಅಂದರೆ ನಿಲ್ಲಿಸಿಯೇನು, ಆದರೆ ಆಗ ಹೊರೆ ಅವರ ಹೆಗಲಿಗೆ ಹಾಕಿದ ಹಾಗಾಗುತ್ತದೆ.

ನನ್ನ ಅಪ್ಪ ಸುರಂಗ ತೋಡುತ್ತಿದ್ದವರು. ಗೊತ್ತಿಲ್ಲದವರಿಗೆ: ನಮ್ಮಲ್ಲಿ ನೀರಿಗೆ ಬಾವಿ ಮಾತ್ರ ಅಲ್ಲ, ಗುಡ್ಡದ ಮುರಕಲ್ಲಿಗೆ ಅಡ್ಡಕ್ಕೆ ಮಾಟೆ ಕೊರೆಯುತ್ತಾರೆ, ಒಬ್ಬ ಮನುಷ್ಯ ಹೋಗುವಷ್ಟು. ಒಳಗೆ ಹೋಗಿ ಹೋಗಿ ಜಿನುಗುವ ನೀರು ಸಿಕ್ಕಿದರೆ ಅದು ತಾನಾಗಿ ಹರಿದು ಹೊರಗೆ ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ಅಪ್ಪ ಪಿಕ್ಕಾಸು ಹಿಡಿದು ಕುಕ್ಕರುಗಾಲಲ್ಲಿ ಕೂತು ಅಗೆಯುತ್ತಿದ್ದರು, ನಾನು ಮಣ್ಣು ಹೊರುತ್ತಿದ್ದೆ. ಪಕ್ಕದಲ್ಲಿ ಒಂದು ಮೇಣದಬತ್ತಿ. ಅದು ಬೆಳಕಿಗೆ ಮಾತ್ರ ಇಟ್ಟದ್ದಲ್ಲ. ಜ್ವಾಲೆ ಸಣ್ಣಗಾಯಿತೋ, ಒಳಗೆ ಗಾಳಿ ಸಾಲದು ಅಂತ ಲೆಕ್ಕ. ಅಪ್ಪ ಆ ಕ್ಷಣ ಪಿಕ್ಕಾಸು ಅಲ್ಲೇ ಬಿಟ್ಟು ಹಿಂದಕ್ಕೆ ತೆವಳುತ್ತಿದ್ದರು. ನೀರಿನ ಪಸೆ ಕೈಗೆ ಹತ್ತಿದ್ದರೂ ಸರಿಯೇ. "ಇನ್ನೊಂದು ನಾಲ್ಕು ಏಟು ಹಾಕುವಾ ಅಪ್ಪ" ಅಂದದ್ದಕ್ಕೆ ಒಮ್ಮೆ ನನ್ನ ಕಿವಿ ಹಿಂಡಿದ್ದಾರೆ.

ಅಪ್ಪನಿಗೆ ಹೊರಗೆ ಬರಲಿಕ್ಕೆ ಬೈಬಲ್ ವಾಕ್ಯ ಬೇಕಾಗಿರಲಿಲ್ಲ. ನನಗೆ ಬೇಕಾಗಿದೆ. ಯಾಕೆಂದರೆ ಅಪ್ಪ ಹೊರಗೆ ಬಂದರೆ ಯಾರದ್ದೋ ತೋಟಕ್ಕೆ ನೀರು ಒಂದು ದಿನ ತಡ ಆಗುತ್ತಿತ್ತು, ಅಷ್ಟೆ. ನಾನು ಫೋನ್ ಎತ್ತದಿದ್ದರೆ?

ನಿಮ್ಮಲ್ಲಿ ಯಾರಾದರೂ ಹೀಗೆ ನಡುವಲ್ಲಿ ಕೆಲಸ ನಿಲ್ಲಿಸಿ ಕೂತವರು ಇದ್ದೀರಾ? ದೇವರ ಮುಂದೆ ಅದು ಹೇಗೆ ಸರಿ ಹೋಯಿತು, ಹೇಳಿ. ಗಾಡಿ ಮಾರುವುದಾ, ಬೇರೆ ಹುಡುಗನಿಗೆ ಬಾಡಿಗೆಗೆ ಕೊಡುವುದಾ, ಅದೂ ಗೊತ್ತಾಗುತ್ತಿಲ್ಲ.

ವಾಕ್ಯದೀಪ:

ಅಣ್ಣ, ಬೇಜಾರು ಮಾಡಬೇಡಿ. ಪೌಲನು ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರ, ಮೂರನೆಯ ಅಧ್ಯಾಯ, ಹತ್ತನೆಯ ವಚನ ಓದಿ. ದುಡಿಯದವನು ಊಟ ಮಾಡಬಾರದು. ನಮಗೆ ವಿಶ್ರಾಂತಿ ಪರಲೋಕದಲ್ಲಿ ಉಂಟು. ಸೈತಾನನು ಮೊದಲು ಸೋಮಾರಿತನವನ್ನೇ ಆಯಾಸದ ವೇಷದಲ್ಲಿ ಕಳಿಸುತ್ತಾನೆ. ನಿಮಗಾಗಿ ಪ್ರಾರ್ಥಿಸುತ್ತೇನೆ.

ಬೇಳದ ಡ್ರೈವರ್:

ಓದಿದೆ. ಪ್ರಾರ್ಥನೆಗೆ ಉಪಕಾರ.

ಮಂಜೇಶ್ವರದ ಹೆಂಚು:

ಮೇಲಿನವರ ವಾಕ್ಯಕ್ಕೆ ಉತ್ತರ ಯಾರಾದರೂ ತಿಳಿದವರು ಕೊಡಲಿ. ನಾನು ನನ್ನ ಕಥೆ ಹೇಳುತ್ತೇನೆ.

ನಾವು ಪ್ರೊಟೆಸ್ಟೆಂಟರು, ಬಾಸೆಲ್ ಮಿಶನ್ ಕಡೆಯವರು. 1834ರಲ್ಲಿ ಈ ಮಿಶನ್ ಸ್ವಿಟ್ಜರ್ಲೆಂಡಿನ ಬಾಸೆಲಿನಿಂದ ಮಂಗಳೂರಿಗೆ ಬಂತು. ಕ್ರೈಸ್ತರಾದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕಿದರು. ಗೇಣಿ ಹೋಯಿತು, ಕುಲಕಸುಬು ಹೋಯಿತು. ಅವರ ಹೊಟ್ಟೆಪಾಡಿಗೆ ಅಂತ ನೇಯ್ಗೆ, ಆಮೇಲೆ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ. ನನ್ನ ಮುತ್ತಜ್ಜ ಹೆಂಚಿನ ಕಾರ್ಖಾನೆಯಲ್ಲಿ ಆವೆಮಣ್ಣು ತುಳಿದವರು. ಊರಿನವರು "ಅನ್ನಕ್ಕೋಸ್ಕರ ಜಾತಿ ಬಿಟ್ಟವರು" ಅನ್ನುತ್ತಿದ್ದರಂತೆ. ಆ ಮಾತನ್ನು ಸುಳ್ಳು ಮಾಡಲಿಕ್ಕೆ ನಮ್ಮ ಹಿರಿಯರು ಬೆವರು ಸುರಿಸಿ ತೋರಿಸಬೇಕಾಯಿತು. ಹಾಗೆ ನಮ್ಮ ಮನೆಯಲ್ಲಿ ಭಕ್ತಿಗೂ ಬೆವರಿಗೂ ಗಂಟು ಬಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಕಾರ್ಖಾನೆಗಳು ಮಿಶನಿನ ಕೈ ತಪ್ಪಿದವು, ಆದರೆ ಕಾರ್ಖಾನೆಯ ಗಂಟೆ ಮಾತ್ರ ನಮ್ಮ ಮನೆಯವರ ತಲೆಯೊಳಗೆ ಬಡಿಯುತ್ತಲೇ ಇತ್ತು. ಅಜ್ಜಿ ಸಾಯುವ ವಾರವೂ ಹಾಸಿಗೆಯಲ್ಲಿ ಕೂತು ಹುರುಳಿಯಲ್ಲಿ ಕಲ್ಲು ಹೆಕ್ಕುತ್ತಿದ್ದರು.

ಆದರೆ ಅದೇ ಅಜ್ಜಿ ಭಾನುವಾರ ಸೂಜಿಗೆ ದಾರ ಪೋಣಿಸಲು ಬಿಡುತ್ತಿರಲಿಲ್ಲ. ಅಂಗಿಯ ಗುಂಡಿ ಕಿತ್ತು ಹೋದರೆ ಪಿನ್ನು ಸಿಕ್ಕಿಸಿಕೊಂಡು ಆರಾಧನೆಗೆ ಹೋಗಬೇಕು. ನಮಗೆ ಆಗ ಅದು ಹುಚ್ಚು ಅನ್ನಿಸುತ್ತಿತ್ತು.

ನಾನು ಬ್ಯಾಂಕಿನಲ್ಲಿದ್ದೆ. ಐವತ್ತೆರಡಕ್ಕೆ ಸ್ವಯಂ ನಿವೃತ್ತಿ ತೆಗೆದುಕೊಂಡೆ, ಕಾರಣ ಇಲ್ಲಿ ಬೇಡ. ಮೊದಲ ಮೂರು ತಿಂಗಳು ನರಕ ಸ್ವಾಮಿ. ನಿಮಗೆ ಯಾರೂ ಇದನ್ನು ಹೇಳಿರಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. ಐದಕ್ಕೆ ಎಚ್ಚರ. ಸ್ನಾನ ಮಾಡಿ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಜಗಲಿಯಲ್ಲಿ ಕೂರುತ್ತಿದ್ದೆ. ಎಂಟೂಕಾಲಿಗೆ ರೈಲಿನ ಸದ್ದು ಕೇಳಿದರೆ ಕಾಲು ತಾನಾಗಿ ಎದ್ದು ನಿಲ್ಲುತ್ತಿತ್ತು. ಹೆಂಡತಿ ಮೇಲೆ ರೇಗುತ್ತಿದ್ದೆ, ಅಡುಗೆಮನೆಯ ಡಬ್ಬಗಳನ್ನು ಎತ್ತರಕ್ಕೆ ಸರಿಯಾಗಿ ಜೋಡಿಸಲು ಹೋಗಿ ಬೈಸಿಕೊಂಡೆ. ಸಭೆಯಲ್ಲಿ ನನ್ನನ್ನು ಮೂರು ಕಮಿಟಿಗೆ ಹಾಕಿದರು, "ನೀವು ಹೇಗೂ ಸುಮ್ಮನೆ ಇದ್ದೀರಿ" ಅಂತ. ಒಂದಕ್ಕೂ ಹೋಗಬೇಡಿ. ಈ ಮಾತು ಗಟ್ಟಿಯಾಗಿ ಹೇಳುತ್ತೇನೆ. ಆಂಬುಲೆನ್ಸ್ ನಿಲ್ಲಿಸಿದ ಮರುವಾರ ನಿಮ್ಮ ಗುರಿಕಾರರು ಹಬ್ಬದ ಶಾಮಿಯಾನದ ಲೆಕ್ಕ ಹಿಡಿದುಕೊಂಡು ಬರುತ್ತಾರೆ, ನೋಡುತ್ತಿರಿ.

ಪ್ರವಾದಿ ಎಲೀಯನ ಕಥೆ ನಿಮಗೆ ಗೊತ್ತಿರಬಹುದು, ಬೈಬಲಿನ ಅರಸುಗಳು ಮೊದಲನೆಯ ಭಾಗದ ಹತ್ತೊಂಬತ್ತನೇ ಅಧ್ಯಾಯ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಪವಾಡ ಮಾಡಿದವನು ಅದರ ಬೆನ್ನಿಗೇ ಅಡವಿಗೆ ಓಡಿ, ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತೆಗೆ ಅನ್ನುತ್ತಾನೆ. ಚಿಕ್ಕಂದಿನಲ್ಲಿ ಸಂಡೇ ಸ್ಕೂಲಿನಲ್ಲಿ ಇದನ್ನು ಬೇಗ ಬೇಗ ದಾಟಿಸಿ, ಮುಂದೆ ದೇವರು ಮೆಲ್ಲನೆಯ ಸ್ವರದಲ್ಲಿ ಮಾತಾಡಿದ್ದಕ್ಕೆ ಹೋಗುತ್ತಿದ್ದರು. ಮೊನ್ನೆ ಮೊನ್ನೆ ಗಮನಿಸಿದೆ: ದೂತ ಬಂದು ಮೊದಲು ಮಾಡಿದ್ದು ಉಪದೇಶ ಅಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಅವನು ಪುನಃ ಮಲಗಿದ. ಎರಡನೇ ಸಲ ಎಬ್ಬಿಸಿ ಪುನಃ ತಿನ್ನಿಸಿದ. ಹೋರೇಬ್ ಬೆಟ್ಟಕ್ಕೆ ಹೋಗಿ ದೇವರ ಜೊತೆ ಮಾತುಕತೆ ಆದದ್ದು ಅದಾಗಿ ನಲವತ್ತು ದಿನದ ಮೇಲೆ. ಮಾತುಕತೆಯ ಕೊನೆಗೆ ದೇವರು ಅವನಿಗೆ, ನಿನ್ನ ಜಾಗಕ್ಕೆ ಎಲೀಷನನ್ನು ಅಭಿಷೇಕ ಮಾಡು ಅಂದ. ನನಗೆ ಆ ಮಾತು ಬ್ಯಾಂಕಿನ ಕುರ್ಚಿ ಬಿಟ್ಟು ಬರುವಾಗ ಚುಚ್ಚಿತ್ತು. ಈಗ ಅಷ್ಟು ಚುಚ್ಚುವುದಿಲ್ಲ.

ನಿವೃತ್ತ ಮಾಸ್ತರು, ಉಪ್ಪಳ:

ನಾನು ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ, ಭಾನುವಾರ ಧರ್ಮೋಪದೇಶ ಕಲಿಸಿದವ. ವಾಕ್ಯದೀಪ ಅವರಿಗೆ ಮೊದಲು. ಪೌಲನ ಆ ಮಾತು ದುಡಿಯಲು ಮನಸ್ಸಿಲ್ಲದವರ ಬಗ್ಗೆ. ಮರುವಚನವನ್ನೇ ಓದಿದರೆ ಗೊತ್ತಾಗುತ್ತದೆ, ಕೆಲಸ ಬಿಟ್ಟು ಪರರ ಉಸಾಬರಿ ಮಾಡುತ್ತಾ ತಿರುಗುವವರನ್ನು ಅವನು ಬೈಯುತ್ತಿದ್ದಾನೆ. ಹದಿನೇಳು ವರ್ಷ ರಾತ್ರಿ ನಿದ್ದೆಗೆಟ್ಟವನಿಗೆ ಅದನ್ನು ಎತ್ತಿ ಹೊಡೆಯುವುದು, ಕ್ಷಮಿಸಿ, ಗುರಿ ತಪ್ಪಿದ ಕಲ್ಲು.

ತಲಾಂತಿನ ವಿಷಯ. ತಲಾಂತು ಅಂದರೆ ಆ ಕಾಲದ ಒಂದು ತೂಕ, ದೊಡ್ಡ ಮೊತ್ತದ ಹಣ. ಪ್ರತಿಭೆ ಎಂಬ ಅರ್ಥ ಅದಕ್ಕೆ ಬಂದದ್ದು ಎಷ್ಟೋ ಕಾಲದ ನಂತರ. ಹೂತಿಟ್ಟ ಆಳು ಯಜಮಾನನ ಮುಂದೆ ಕೊಟ್ಟ ಕಾರಣ ಎಂತ? "ನೀನು ಕಠಿಣ ಮನುಷ್ಯ ಅಂತ ಗೊತ್ತಿತ್ತು, ಹೆದರಿದೆ." ದಣಿದು ಹೂತವನಲ್ಲ ಅವನು. ಈಗ ನೀವು ಹೇಳಿ, ಯಜಮಾನ ಕಠಿಣ ಅಂತ ಹೆದರಿ ಗಾಡಿ ಓಡಿಸುತ್ತಾ ಇರುವವರು ಯಾರು? ಸ್ವಲ್ಪ ಹಿಂಸೆಯ ಪ್ರಶ್ನೆ, ಆದರೂ ಕೇಳುತ್ತಿದ್ದೇನೆ.

ಕಥೋಲಿಕ ಧರ್ಮಸಭೆಯ ಉಪದೇಶ ಗ್ರಂಥದಲ್ಲಿ 2185ನೇ ಪರಿಚ್ಛೇದ ಭಾನುವಾರದ ವಿಶ್ರಾಂತಿಯ ಬಗ್ಗೆ. ಕುಟುಂಬದ ಅಗತ್ಯಕ್ಕೆ, ದೊಡ್ಡ ಸಮಾಜಸೇವೆಗೆ ವಿನಾಯಿತಿ ಉಂಟು ಅನ್ನುತ್ತದೆ. ನಿಮ್ಮ ಕೆಲಸ ಅದರಲ್ಲಿ ಬರುತ್ತದೆ, ಸಂಶಯ ಇಲ್ಲ. ನಮ್ಮವರು ಅಲ್ಲಿಗೇ ಓದು ನಿಲ್ಲಿಸುತ್ತಾರೆ. ಅದರ ಬೆನ್ನಿಗೇ ಇನ್ನೊಂದು ವಾಕ್ಯ ಉಂಟು: ಈ ನ್ಯಾಯವಾದ ವಿನಾಯಿತಿಗಳೇ ಅಭ್ಯಾಸವಾಗಿ ಧರ್ಮಕ್ಕೆ, ಸಂಸಾರಕ್ಕೆ, ಆರೋಗ್ಯಕ್ಕೆ ಕೇಡು ತರದಂತೆ ನೋಡಿಕೊಳ್ಳಬೇಕು ಅಂತ. ಆರೋಗ್ಯ ಎಂಬ ಪದ ಅಲ್ಲಿ ಇದೆ, ನಾನು ಸೇರಿಸಿದ್ದಲ್ಲ.

ಇನ್ನು ಒಂದು ವರ್ಷದ ಲೆಕ್ಕ. ಬೈಬಲಿನ ಯಾಜಕಕಾಂಡ ಇಪ್ಪತ್ತೈದನ್ನು ರಾತ್ರಿ ಪ್ರಾರ್ಥನೆಯ ನಂತರ ಮನೆಯವರ ಜೊತೆ ಓದಿ. ಆರು ವರ್ಷ ಬಿತ್ತನೆ, ಏಳನೇ ವರ್ಷ ಭೂಮಿಗೇ ಬಿಡುವು. ಹೊಲ ಉಳಬಾರದು, ದ್ರಾಕ್ಷಿ ಕುಡಿ ಸವರಬಾರದು. ಇದನ್ನು ಕೇಳಿದವರಿಗೂ ನಿಮ್ಮ ಮಗಳ ಫೀಸಿನಂಥ ಪ್ರಶ್ನೆಯೇ ಬಂತು, ಏಳನೇ ವರ್ಷ ಎಂತ ತಿನ್ನುವುದು ಅಂತ. ಆ ಪ್ರಶ್ನೆ ಬೈಬಲಿನಲ್ಲಿಯೇ ಅಚ್ಚಾಗಿ ಉಂಟು, ಇಪ್ಪತ್ತನೆಯ ವಚನ. ಕೇಳಿದ್ದಕ್ಕೆ ದೇವರು ಬೈಯಲಿಲ್ಲ. ಆರನೇ ವರ್ಷದ ಬೆಳೆಯನ್ನು ಮೂರು ವರ್ಷಕ್ಕೆ ಸಾಲುವ ಹಾಗೆ ಕೊಡುತ್ತೇನೆ ಅಂದ. ಎಂದರೆ ಬಿಡುವಿಗೂ ಒಂದು ಲೆಕ್ಕಾಚಾರ ಬೇಕು, ಕಣಜ ನೋಡಿಕೊಂಡು ಕೂರಬೇಕು. ನೀವು ಸಾಲ ತೀರಿದ ಮೇಲೆ ಈ ಮಾತು ಎತ್ತಿದ್ದೀರಿ, ನನಗೆ ಅದು ಸರಿ ಕಂಡಿತು.

ವಿಮೋಚನಕಾಂಡ ಇಪ್ಪತ್ತಮೂರರಲ್ಲಿ ಎತ್ತಿಗೂ ಕತ್ತೆಗೂ ಏಳನೇ ದಿನ ಬಿಡುವು ಬೇಕು ಅಂತ ಉಂಟು. ಕತ್ತೆ ಅಂದರೆ ಆ ಕಾಲದ ಗಾಡಿ.

ಪೆರ್ಲದ ತೋಟದವ:

ನಾನು ಕ್ರೈಸ್ತ ಅಲ್ಲ. ಮಾಸ್ತರ ಏಳನೇ ವರ್ಷದ ಕಥೆ ಗೋಧಿಗೆ ಆದೀತು, ಅಡಿಕೆಗೆ ಹೇಳಬೇಡಿ, ಒಂದು ಮಳೆಗಾಲ ಮದ್ದು ಬಿಡದಿದ್ದರೆ ಕೊಳೆರೋಗಕ್ಕೆ ಎಳೆಕಾಯಿ ಪೂರ್ತಿ ಉದುರಿ ಬುಡದಲ್ಲಿ ಹಾಸಿಗೆ. ಆದರೆ ನನ್ನ ತೋಟಕ್ಕೆ ಮದ್ದು ಬಿಡಲಿಕ್ಕೆ ಬರುವವ ಒಬ್ಬ ಇದ್ದಾನೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಎಲ್ಲಾ ಬೆಳಿಗ್ಗೆ ಕಲಸಿ ಆಗಿದೆ, ಬಿಸಿಲೂ ಬಂದಿದೆ, ಇನ್ನು ಮೂವತ್ತು ಮರ ಬಾಕಿ. ಕಲಸಿದ್ದು ಇಟ್ಟರೆ ಹಾಳು. ಅವ ಇಳಿದು ಕೈಕಾಲು ತೊಳೆದ. ನಾನು ಬೈದೆ. "ತೊಡೆ ನಡುಗಲಿಕ್ಕೆ ಶುರುವಾಗಿದೆ. ಈಗ ಹತ್ತಿದರೆ ನಾಳೆ ಮದ್ದಿಗೂ ಬೇರೆ ಜನ ನೋಡಬೇಕು, ನನ್ನನ್ನು ಹೊರಲಿಕ್ಕೂ ನಾಲ್ಕು ಜನ ನೋಡಬೇಕು" ಅಂದ. ಅವನಿಗೆ ನಾನು ಇವತ್ತಿಗೂ ಪೂರ್ತಿ ಸಂಬಳ ಕೊಡುತ್ತೇನೆ, ಹೊಟ್ಟೆ ಉರಿಯುತ್ತದೆ, ಆದರೂ.

ಗಾಡಿ ವಿಷಯ: ಮಾರಬೇಡಿ. ಓಡಿಸದ ಅವಧಿಗೆ ತೆರಿಗೆ ಬೀಳದ ಹಾಗೆ ಆರ್‌ಟಿಒದಲ್ಲಿ ಮೊದಲೇ ಜಿ ಫಾರಂ ಕೊಡುವ ಕ್ರಮ ಉಂಟು, ವಿಚಾರಿಸಿ. ವಿಮೆ ತಪ್ಪಿಸಬೇಡಿ. ವಾರಕ್ಕೊಮ್ಮೆ ಅಂಗಳದಲ್ಲೇ ಸ್ಟಾರ್ಟ್ ಮಾಡಿ ಇಡಿ, ಇಲ್ಲದಿದ್ದರೆ ಬ್ಯಾಟರಿ ಹೋಗುತ್ತದೆ, ಇಲಿ ವಯರು ತಿನ್ನುತ್ತದೆ.

ಕ್ಯಾಶುವಲ್ಟಿ ಅಕ್ಕ:

ನಾನು ಮಂಗಳೂರಿನಲ್ಲಿ ಎಮರ್ಜೆನ್ಸಿ ವಿಭಾಗದ ನರ್ಸ್, ಊರು ಕುಂಬಳೆ ಹತ್ತಿರ. ನೀವು ತಂದು ಬಿಡುವವರನ್ನು ಈಚೆಯಿಂದ ತೆಗೆದುಕೊಳ್ಳುವವಳು. ನಿಮ್ಮನ್ನು ನೋಡಿಯೂ ಇರಬಹುದು, ಮುಖ ನೆನಪಿರುವುದಿಲ್ಲ, ನಮಗೆ ಸ್ಟ್ರೆಚರ್ ಮೇಲಿನ ಮುಖ ಮಾತ್ರ ಕಾಣುವುದು.

ಅಣ್ಣ, ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. ಶುಗರ್, ಥೈರಾಯ್ಡ್, ಹಿಮೋಗ್ಲೋಬಿನ್, ಬಿಪಿ. ಗೊರಕೆ ಜೋರಾ ಅಂತ ಹೆಂಡತಿಯಲ್ಲಿ ಕೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವವರು ರಾತ್ರಿ ಎಂಟು ಗಂಟೆ ಹೊತ್ತು ಮಲಗಿದರೂ ಹಗಲು ತೂಕಡಿಸುತ್ತಾರೆ. ನಿಮ್ಮದು ಮನಸ್ಸಿನದ್ದಾ ದೇಹದ್ದಾ ಅಂತ ಇಗರ್ಜಿಯ ಬಾಗಿಲಲ್ಲಿ ನಿಂತು ತೀರ್ಮಾನ ಮಾಡಬೇಡಿ. ಆ ಪ್ರಾರ್ಥನೆ ಬಾಯಿಗೆ ಬರುತ್ತಿಲ್ಲ ಅಂದಿರಲ್ಲ, ನನಗೂ 2020ರಲ್ಲಿ ಹಾಗೆ ಆಗಿತ್ತು. ಕೊರೊನಾಕ್ಕೆ ಗಡಿ ಮುಚ್ಚಿ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಹಾಕಿದ್ದ ದಿನಗಳು. ಊರಿನವರು ಫೋನ್ ಮಾಡಿ "ಹೇಗಾದರೂ ಒಳಗೆ ಬಿಡಿಸು" ಅನ್ನುತ್ತಿದ್ದರು. ನಾನೇ ಮನೆಗೆ ಹೋಗಲಿಕ್ಕಾಗದೆ ಹಾಸ್ಟೆಲಿನಲ್ಲಿದ್ದೆ. ಆಮೇಲಾಮೇಲೆ ಊರಿನ ನಂಬರು ಕಂಡರೆ ಫೋನ್ ಕವುಚಿ ಹಾಕುತ್ತಿದ್ದೆ. ಅದಕ್ಕೆ ಮದ್ದು, ಕೌನ್ಸೆಲಿಂಗ್ ಎರಡೂ ತೆಗೆದುಕೊಂಡೆ. ನಾಚಿಕೆ ಇಲ್ಲ.

ಲೂಕನ ಹತ್ತನೇ ಅಧ್ಯಾಯದ ಸಮಾರ್ಯದವನನ್ನು ಎಲ್ಲರೂ ನಿಮಗೆ ಹೇಳಿರುತ್ತಾರೆ. ಗಾಯಗೊಂಡವನನ್ನು ತನ್ನ ಸ್ವಂತ ಪ್ರಾಣಿಯ ಮೇಲೆ ಹತ್ತಿಸಿಕೊಂಡು ಛತ್ರಕ್ಕೆ ತಂದವನು, ನಿಮ್ಮ ಕೆಲಸದ ಮೂಲಪುರುಷ ಅಂದರೂ ಸರಿ. ಆದರೆ ಅವನು ಮರುದಿನ ಎಂತ ಮಾಡಿದ? ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟು, ಇವನನ್ನು ನೋಡಿಕೋ, ಹೆಚ್ಚು ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂತ ಹೇಳಿ ಹೊರಟುಹೋದ. ಯಾವ ಪ್ರಸಂಗದಲ್ಲೂ ಛತ್ರದವನ ಬಗ್ಗೆ ಯಾರೂ ಒಂದು ಮಾತು ಆಡುವುದನ್ನು ನಾನು ಕೇಳಿಲ್ಲ. ನಾನು ಛತ್ರದ ಕಡೆಯವಳಾದ್ದರಿಂದ ನನಗೆ ಅದು ಕಾಣುತ್ತದೆ.

ಗಾಡಿ ಬಾಡಿಗೆಗೆ ಕೊಟ್ಟರೆ, ನೀವು ಬಿಡುವು ತೆಗೆದುಕೊಂಡ ಹಾಗೆ ಆಗುವುದಿಲ್ಲ. ರಾತ್ರಿ ಎರಡಕ್ಕೆ ಫೋನ್ ನಿಮಗೇ ಬರುತ್ತದೆ, ಆ ಹುಡುಗನನ್ನು ಎಬ್ಬಿಸುವ ಕೆಲಸ ನಿಮ್ಮದಾಗುತ್ತದೆ.

ನಿಲ್ಲಿಸುವುದು ತಪ್ಪಲ್ಲ ಅಂತ ನನಗೆ ಅನ್ನಿಸುತ್ತದೆ. ಹೇಳದೆ ನಿಲ್ಲಿಸುವುದು ತಪ್ಪು. ನಿಮ್ಮ ನಂಬರು ಎಲ್ಲೆಲ್ಲಿ ಉಂಟು? ಅಂಗಡಿ ಶಟರು, ಬಸ್ ಸ್ಟ್ಯಾಂಡಿನ ಕಂಬ, ಪಿಎಚ್‌ಸಿ ಗೋಡೆ, ಮದ್ರಸದ ಗೇಟು, ಭಜನಾ ಮಂದಿರದ ನೋಟೀಸ್ ಬೋರ್ಡು? ಎದೆನೋವು ಬಂದವನ ಮಗ ಅದನ್ನು ನೋಡಿ ನಾಲ್ಕು ಸಲ ಫೋನ್ ಮಾಡಿ, ನೀವು ಎತ್ತದೆ, ಐದನೇ ಸಲಕ್ಕೆ ಬೇರೆ ನಂಬರು ಹುಡುಕುತ್ತಾನೆ. ಆ ಹತ್ತು ನಿಮಿಷ ನಮ್ಮ ಟೇಬಲಿಗೆ ಬರುವಾಗ ಕಾಣುತ್ತದೆ. ಆದ್ದರಿಂದ ನಿಲ್ಲಿಸುವ ಮೊದಲು ಆ ಸ್ಟಿಕ್ಕರುಗಳನ್ನು ತೆಗೆಯಿರಿ, ಅಥವಾ ಮೇಲೆ 108 ಅಂತ ಅಂಟಿಸಿ. ಪೊಲೀಸ್ ಸ್ಟೇಷನ್, ಪಂಚಾಯತ್, ಇತರ ಡ್ರೈವರುಗಳ ವಾಟ್ಸಾಪ್ ಗುಂಪು, ಎಲ್ಲ ಕಡೆ ಹೇಳಿ. ಸಿಮ್ ಬದಲಿಸಿ, ಹಳೆಯದನ್ನು ಬೇರೆ ಡ್ರೈವರಿಗೆ ಫಾರ್ವರ್ಡ್ ಹಾಕಿ.

ಬೇಳದ ಡ್ರೈವರ್:

ಎಲ್ಲರಿಗೂ ದೇವರು ಒಳ್ಳೆಯದು ಮಾಡಲಿ. ನಾಲ್ಕು ದಿನ ಉತ್ತರ ಬರೆಯಲಿಲ್ಲ, ಓದುತ್ತಾ ಇದ್ದೆ. ಮಾಸ್ತರೇ, ನಿಮ್ಮ ಪ್ರಶ್ನೆಗೆ ಉತ್ತರ ಗೊತ್ತುಂಟು, ಇಲ್ಲಿ ಬರೆಯುವುದಿಲ್ಲ.

ಪರೀಕ್ಷೆ ಮಾಡಿಸಿದೆ. ಶುಗರ್ ಊಟಕ್ಕೆ ಮುಂಚೆ 164. ಎಷ್ಟು ಸಮಯದಿಂದ ಉಂಟೋ.

ನಿನ್ನೆ ತೇರ್ಸ (ಜಪಸರದ ಪ್ರಾರ್ಥನೆ) ಆದ ಮೇಲೆ ಹೆಂಡತಿಗೆ ಆ ರಾತ್ರಿಯ ಸಂಗತಿ ಹೇಳಿದೆ, ನಾಯಿ ಅಲ್ಲ ಅಂತ. ಅವಳು ಏನೂ ಹೇಳದೆ ಎದ್ದು ದೇವರ ಪೀಠದ ಹಿಂದೆ ಕೈ ಹಾಕಿ ಒಂದು ಕೆಂಪು ಪ್ಲಾಸ್ಟಿಕ್ ತುಂಡು ತೆಗೆದಳು, ಬೆರಳುದ್ದ. ಮರುದಿನ ಗಾಡಿ ತೊಳೆಯುವಾಗ ಬಂಪರಿನ ಸಂದಿಯಲ್ಲಿ ಸಿಕ್ಕಿದ್ದಂತೆ. ಇಷ್ಟು ದಿನ ಅದನ್ನು ಶೋಕಮಾತೆಯ ಪಟದ ಹಿಂದೆ ಇಟ್ಟು ಅವಳೊಬ್ಬಳೇ ಪ್ರಾರ್ಥನೆ ಮಾಡುತ್ತಿದ್ದಳು. ನಾಯಿಗೆ ಕೆಂಪು ಪ್ಲಾಸ್ಟಿಕ್ ಇರುವುದಿಲ್ಲ ಅಂತ ಅವಳಿಗೂ ಗೊತ್ತಲ್ಲ. ಫೀಸಿನ ವಿಷಯ ಅವಳೇ ಎತ್ತಿದಳು, ಬಳೆ ಉಂಟು ಅಂದಳು. ಬಳೆ ಬೇಡ, ಒಳ್ಳೆಮೆಣಸು ಕೊಡುವಾ ಅಂತ ಮಾಡಿದ್ದೇವೆ.

ನವೆಂಬರ್ ಒಂದರಿಂದ ನಿಲ್ಲಿಸುತ್ತೇನೆ. ಸಕಲ ಸಂತರ ಹಬ್ಬ. ನಮ್ಮ ಕಡೆ ಆ ದಿನ ಬೇರೆ ಕಾರಣಕ್ಕೂ ಎಲ್ಲರಿಗೆ ನೆನಪಿರುತ್ತದೆ, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ದಿನ, ಹಾಗಾಗಿ ತಾರೀಕು ಮರೆಯಲಿಕ್ಕಿಲ್ಲ. ಗುರಿಕಾರರಿಗೆ ಹೇಳಿದೆ. ಮುಖ ಸಣ್ಣ ಮಾಡಿದರು. ಆಮೇಲೆ, ಹೆಂಚಿನವರೇ, ನೀವು ಹೇಳಿದ ಹಾಗೆಯೇ ಆಯಿತು. ಕ್ರಿಸ್ಮಸಿಗೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವ ಉಸ್ತುವಾರಿ ನಿನ್ನದು ಅಂದರು! ಆಗುವುದಿಲ್ಲ ಅಂದೆ. ಹದಿನೇಳು ವರ್ಷದಲ್ಲಿ ಅವರಿಗೆ ಆ ಶಬ್ದ ಹೇಳಿದ್ದು ಮೊದಲ ಸಲ, ಗಂಟಲು ಒಣಗಿತ್ತು.

ಅಕ್ಕ, ಸ್ಟಿಕ್ಕರ್ ಕೆಲಸ ಶುರು ಮಾಡಿದ್ದೇನೆ. ಮಗಳು ಬೈಕಿನ ಹಿಂದೆ ಕೂತು ಪುಸ್ತಕದಲ್ಲಿ ಗುರುತು ಹಾಕುತ್ತಾಳೆ. ಬದಿಯಡ್ಕದಿಂದ ಕುಂಬಳೆ ತನಕ ಎಂಬತ್ತಮೂರು ಸಿಕ್ಕಿತು, ಇನ್ನೂ ಇರಬಹುದು. ಹಚ್ಚುವಾಗ ಇಷ್ಟು ಹಚ್ಚಿದ್ದೇನಾ ಅಂತ ನನಗೇ ಆಶ್ಚರ್ಯ. ಕಾಗದ ಬರುತ್ತದೆ, ಅಂಟು ಬರುವುದಿಲ್ಲ, ನಂಬರಿನ ಅಚ್ಚು ಶಟರಿನಲ್ಲಿ ಹಾಗೇ ಕಾಣುತ್ತದೆ. ಬ್ಲೇಡಿನಲ್ಲಿ ಕೆರೆದರೆ ಅಂಗಡಿಯವರು ಪೈಂಟು ಹೋಗುತ್ತದೆ ಅಂತ ಬೈಯುತ್ತಾರೆ. ಸೀಮೆಎಣ್ಣೆ ಹುಡುಕಿದೆ, ನನಗೆ ಸಿಗಲಿಲ್ಲ. ಬೇರೆ ಎಂತಾದರೂ ಉಪಾಯ ಉಂಟಾ?

ಕ್ಯಾಶುವಲ್ಟಿ ಅಕ್ಕ:

ತೆಂಗಿನೆಣ್ಣೆ. ದಪ್ಪ ಹಚ್ಚಿ ಅರ್ಧ ಗಂಟೆ ಬಿಡಿ, ಆಮೇಲೆ ಹಳೆ ಬಟ್ಟೆಯಲ್ಲಿ ಉಜ್ಜಿ. ನಾವು ಪೇಷಂಟ್ ಕೈಯ ಪ್ಲಾಸ್ಟರ್ ಅಂಟು ಹಾಗೆಯೇ ತೆಗೆಯುವುದು.